ಗುರಿ ಅಭ್ಯಾಸಕ್ಕೆ ಕಡಿಮೆ ದುಡ್ಡಿನ ರೈಫಲ್: ಕೊಳ್ಳುವ ಮುಂಚೆ ನೋಡಬೇಕಾದದ್ದು

ಬಾದಾಮಿ ಬನಶಂಕರಿ ಜಾತ್ರೆಯಲ್ಲೋ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲೋ ಬಲೂನ್ ಹೊಡೆದು ರುಚಿ ಹತ್ತಿದವರು ಅಂಗಡಿಗೆ ಹೋಗಿ ಮೊದಲು ಕೇಳುವುದು, "ಎಷ್ಟು ಪವರ್ ಐತ್ರೀ ಇದು?" ಅಂಗಡಿಯವನಿಗೂ ಅದೇ ಪ್ರಶ್ನೆ ಬೇಕಾಗಿರುತ್ತದೆ, ದೊಡ್ಡ ಅಂಕಿ ಬರೆದ ಪೆಟ್ಟಿಗೆ ಎತ್ತಿ ಕೊಡುತ್ತಾನೆ. ಜಾತ್ರೆಯ ಏರ್‌ಗನ್ನಿಗೆ ಬಲೂನ್ ಒಡೆಯುವ ಪವರ್ ಧಾರಾಳವಾಗಿಯೇ ಇರುತ್ತದೆ. ಆದರೂ ಗುಂಡು ತಪ್ಪುವುದು ಸವೆದ ನಳಿಕೆಯಿಂದ, ಸಡಿಲಾದ ಕೀಲಿನಿಂದ, ಒಂದು ಬದಿಗೆ ಸರಿದ ಸೈಟಿನಿಂದ, ಅಂದರೆ ಗುರಿ ಹಿಡಿಯುವ ಗುರುತಿನಿಂದ. ಒಂದೇ ಜಾಗಕ್ಕೆ ಹಿಡಿದು ಐದು ಸಲ ಹೊಡೆದರೆ ಐದೂ ಒಂದೇ ಕಡೆ ಬೀಳಬೇಕು. ಕಡಿಮೆ ದುಡ್ಡಿನಲ್ಲಿ ಹುಡುಕಬೇಕಾದ ಗುಣ ಇದೊಂದೇ.

ಮೊಲದ ಮಾತು ಮೊದಲೇ ಮುಗಿಸಿಬಿಡೋಣ. ಸಣ್ಣ ರೈಫಲ್ ಕೇಳುವವರಲ್ಲಿ ಅರ್ಧ ಜನರ ತಲೆಯಲ್ಲಿ ಹೊಲದ ಬದುವಿನ ಮೊಲ ಇರುತ್ತದೆ. ಮುಧೋಳ ನಾಯಿಯ ಸೀಮೆ ಇದು, ಮೊಲದ ಬೇಟೆಯ ನೆನಪು ಹಳಬರಲ್ಲಿ ಇನ್ನೂ ಹಸಿಯಾಗಿದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮೊಲ ಹೊಡೆಯುವುದು ಅಪರಾಧ. ನಾಯಿ ಬಿಟ್ಟು ಓಡಿಸುವುದು, ಉರುಲು ಹಾಕುವುದು, ಹೊಡೆಯಲು ಹೋಗಿ ತಪ್ಪುವುದು, ಇವೂ ಕಾಯ್ದೆಯ ಲೆಕ್ಕದಲ್ಲಿ ಬೇಟೆಯೇ. ಜಮೀನು ನಿಮ್ಮದೇ ಆಗಿದ್ದರೂ ವಿನಾಯಿತಿ ಇಲ್ಲ. ನವಿಲು, ಬೆಳವ, ಮಂಗಕ್ಕೂ ಏರ್‌ಗನ್ ಎತ್ತಬೇಡಿ. 4.5 ಮಿ.ಮೀ. ಗುಂಡು ಮಂಗವನ್ನು ಸಾಮಾನ್ಯವಾಗಿ ತಕ್ಷಣ ಕೊಲ್ಲುವುದಿಲ್ಲ, ಮೈಯೊಳಗೆ ಉಳಿದು ಕೀವಾಗಿ ತಿಂಗಳುಗಟ್ಟಲೆ ನರಳಿಸುತ್ತದೆ. ಕಬ್ಬಿಗೆ ನುಗ್ಗುವ ಕಾಡುಹಂದಿಯ ಕಾಟವಿದ್ದರೆ ಅರಣ್ಯ ಇಲಾಖೆಗೆ ಅರ್ಜಿ ಹಾಕಬೇಕು. ಲಿಖಿತ ಅನುಮತಿ ಕೈಗೆ ಬರುವ ತನಕ ಯಾವ ಬಂದೂಕೂ ಅದಕ್ಕೆ ಪರಿಹಾರವಲ್ಲ. ಬೀಳಗಿ–ಮುಧೋಳ ನಡುವಿನ ಯಡಹಳ್ಳಿ ಚಿಂಕಾರ ಧಾಮ, ಖಾನಾಪುರದ ಭೀಮಗಡ, ಧೂಪದಾಳದ ಘಟಪ್ರಭಾ ಪಕ್ಷಿಧಾಮ, ಇವುಗಳೊಳಗೆ ಅನುಮತಿಯಿಲ್ಲದೆ ಆಯುಧ ಒಯ್ಯುವುದೇ ತಪ್ಪು. ಬರೀ ಡಬ್ಬಿ ಹೊಡೆಯೋಕೆ ಬಂದಿದ್ದೆ ಅಂದರೆ ಯಾರೂ ಕೇಳುವುದಿಲ್ಲ.

ಉಳಿದದ್ದು ಕಾಗದದ ಗುರಿ. ಅದಕ್ಕೆ ಎರಡು ದಾರಿ: .177 ಏರ್ ರೈಫಲ್, ಇಲ್ಲವೇ .22 ರೈಫಲ್. ಈ ಅಂಕಿಗಳು ನಳಿಕೆಯ ಒಳ ಅಳತೆ, ಇಂಚಿನಲ್ಲಿ.

ಪಾಯಿಂಟ್ ಟೂಟೂ ಅಂತ ಕರೆಯುವ .22 ನಿಜವಾದ ಬಂದೂಕು, ಮದ್ದಿನ ಕಾಡತೂಸು ಹಾರಿಸುವಂಥದ್ದು. ಲೈಸೆನ್ಸ್ ಇಲ್ಲದೆ ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಬೆಳಗಾವಿಯಂಥ, ಪೊಲೀಸ್ ಕಮಿಷನರ್ ಇರುವ ನಗರದಲ್ಲಿ ಅವರ ಕಚೇರಿಗೆ, ಉಳಿದ ಕಡೆ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹೋಗುತ್ತದೆ. ಕೇಂದ್ರದ ಮಾನ್ಯತೆ ಇರುವ ರೈಫಲ್ ಕ್ಲಬ್ ಅಥವಾ ಸಂಘದ ಸದಸ್ಯರು ಗುರಿ ಅಭ್ಯಾಸಕ್ಕೆಂದು .22 ಕೇಳಿದರೆ ಅದನ್ನು ಪರಿಗಣಿಸಲು ಆಯುಧ ಕಾಯ್ದೆಯ 13ನೇ ಕಲಮಿನಲ್ಲಿ ದಾರಿ ಇದೆ. ಹಾಗಾಗಿ ಮೊದಲು ಕ್ಲಬ್, ಆಮೇಲೆ ಅರ್ಜಿ. ಇದರ ಗುಂಡು ಒಂದು ಕಿಲೋಮೀಟರಿಗೂ ಆಚೆ ಹೋಗುವುದರಿಂದ ಹೊಲದಲ್ಲಿ ಅಭ್ಯಾಸದ ಮಾತೇ ಬೇಡ, ರೇಂಜಿಗೇ ಹೋಗಬೇಕು. ಗಡಿಯಾಚೆಯ ಕೊಲ್ಲಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದದ್ದು ಈ .22ರಲ್ಲೇ, 50 ಮೀಟರ್ ಸ್ಪರ್ಧೆಯಲ್ಲಿ. ಹೊಸಬರಿಗೆ ಮಾತ್ರ ಒಂದೆರಡು ವರ್ಷ ಏರ್ ರೈಫಲ್ ಸಾಕು. ಉಸಿರು, ನಿಲುವು, ಬೆರಳಿನ ಹದ ಎರಡಕ್ಕೂ ಒಂದೇ.

20 ಜೂಲ್ ಎಂಬ ಗೆರೆ

4.5 ಮಿ.ಮೀ. (.177) ಒಳಗಿನ ನಳಿಕೆ, 20 ಜೂಲ್ ಒಳಗಿನ ಶಕ್ತಿ ಇದ್ದ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಡ. 2016ರ ಆಯುಧ ನಿಯಮಗಳಲ್ಲಿ ಈ ಗೆರೆ ಸ್ಪಷ್ಟವಾಗಿದೆ. ಎರಡರಲ್ಲಿ ಒಂದು ಮೀರಿದರೂ ಲೈಸೆನ್ಸ್ ಬೇಕು, ಅಂದರೆ .22 ಅಳತೆಯ ಏರ್‌ಗನ್ನಿಗೂ ಬೇಕು. "ಗಾಳಿದು ತಾನೆ" ಅಂತ ಆನ್‌ಲೈನ್‌ನಲ್ಲಿ .22 ಏರ್‌ಗನ್ ತರಿಸಿದರೆ ಸಿಕ್ಕಿಬೀಳುವುದು ತರಿಸಿದವರೇ. ಕೊಳ್ಳುವಾಗ ಆಧಾರ್ ಪ್ರತಿ ಕೊಟ್ಟು ಪಕ್ಕಾ ಬಿಲ್ ತಗೊಳ್ಳಿ. ಬಿಲ್ಲಿನಲ್ಲಿ ಕ್ಯಾಲಿಬರ್ (ನಳಿಕೆಯ ಅಳತೆ), ಸೀರಿಯಲ್ ನಂಬರ್ ಬರೆಸಿ, ಅದರ ಝೆರಾಕ್ಸ್ ಬಂದೂಕಿನ ಚೀಲದಲ್ಲೇ ಇಡಿ.

ಪೆಟ್ಟಿಗೆ ಮೇಲಿನ ವೇಗದ ಅಂಕಿಯನ್ನು ಹೀಗೆ ಓದಬೇಕು. ಸಾಮಾನ್ಯ .177 ಪೆಲೆಟ್, ಅಂದರೆ ಏರ್ ರೈಫಲ್ಲಿನ ಸಣ್ಣ ಸೀಸದ ಗುಂಡು, ತೂಕ 0.53 ಗ್ರಾಂ. ಅದು ಸೆಕೆಂಡಿಗೆ 900 ಅಡಿ ವೇಗದಲ್ಲಿ ಹೊರಟರೆ ಶಕ್ತಿ ಸುಮಾರು 20 ಜೂಲ್, ಗೆರೆಯ ಮೇಲೆಯೇ ನಿಂತಂತೆ. 1000 ಅಡಿ ಆದರೆ 24 ದಾಟುತ್ತದೆ. ಹಾಗಾಗಿ ಪೆಟ್ಟಿಗೆ ಮೇಲೆ 1000 ಅಂತ ಇದ್ದರೆ, ಒಂದೋ ಅದು ತೀರಾ ಹಗುರ ಪೆಲೆಟ್ ಹಾಕಿ ತೆಗೆದ ಅಂಕಿ, ಇಲ್ಲವೇ ಕಾನೂನು ಮೀರಿದ ಬಂದೂಕು. ಎರಡರಿಂದಲೂ ನಿಮಗೆ ಲಾಭವಿಲ್ಲ. ಒಲಿಂಪಿಕ್ಸಿನ 10 ಮೀಟರ್ ರೈಫಲ್ಲುಗಳು ಬರೀ ಏಳೆಂಟು ಜೂಲಿನವು. ಕಾಗದ ತೂತಾಗಲು ಅಷ್ಟು ಸಾಕು.

ಯಾವ ಬಗೆ

ಕಡಿಮೆ ದುಡ್ಡಿಗೆ ಸಿಗುವುದು ನಳಿಕೆ ಮುರಿದು ಗಾಳಿ ತುಂಬುವ ಬ್ರೇಕ್ ಬ್ಯಾರೆಲ್. ನಳಿಕೆ ಕೆಳಗೆ ಬಗ್ಗಿಸಿದಾಗ ಒಳಗಿನ ಪಿಸ್ಟನ್ ಹಿಂದೆ ಸರಿದು ಸ್ಪ್ರಿಂಗ್ ಒತ್ತಿಕೊಳ್ಳುತ್ತದೆ. ಟ್ರಿಗರ್ ಎಳೆದರೆ ಪಿಸ್ಟನ್ ಮುಂದಕ್ಕೆ ಬಡಿದು ಗಾಳಿ ಪೆಲೆಟ್ಟನ್ನು ದೂಡುತ್ತದೆ. ಸ್ಪ್ರಿಂಗ್ ಬದಲು ಗ್ಯಾಸ್ ಪಿಸ್ಟನ್ ಇರುವವೂ ಸಿಗುತ್ತವೆ. ಕುಲುಕು ಸ್ವಲ್ಪ ಕಡಿಮೆ, ಕೆಟ್ಟರೆ ಮಾತ್ರ ಸಿಲಿಂಡರನ್ನೇ ಬದಲಿಸಬೇಕು. ಸ್ಪ್ರಿಂಗ್ ಆದರೆ ಊರಲ್ಲೇ ಬಲ್ಲವರು ಹಾಕಿಕೊಡುತ್ತಾರೆ. ಪಿಸಿಪಿ ಎನ್ನುವ, ಮೊದಲೇ ಗಾಳಿ ತುಂಬಿಟ್ಟ ರೈಫಲ್ಲಿಗೆ ಕುಲುಕೇ ಇಲ್ಲ, ಸ್ಪರ್ಧೆಗೆ ಅದೇ ಬೇಕು. ಅದರ ಜೊತೆ 200 ಬಾರ್ ಒತ್ತಡದ ಪಂಪ್ ಅಥವಾ ಸಿಲಿಂಡರ್ ಖರ್ಚು ಬರುತ್ತದೆ ಅನ್ನುವುದನ್ನು ಮರೆಯಬೇಡಿ.

ನಾಲ್ಕೈದು ಸಾವಿರದ ಆಸುಪಾಸಿನವು ಬಹುಪಾಲು ಜಾತ್ರೆಯ ಬಂದೂಕಿನ ತಮ್ಮಂದಿರು. ಹತ್ತರಿಂದ ಹದಿನೈದು ಸಾವಿರದೊಳಗೆ ಒಳ್ಳೆಯ ನಳಿಕೆಯ ದೇಶೀ ರೈಫಲ್ ಸಿಗುತ್ತದೆ. ಕೈಯಲ್ಲಿ ಹದಿನೈದು ಇದ್ದರೆ ಅಷ್ಟನ್ನೂ ಬಂದೂಕಿಗೇ ಸುರಿಯಬೇಡಿ. ಹನ್ನೊಂದು ಸಾವಿರ ಬಂದೂಕಿಗೆ, ಉಳಿದದ್ದು ಪೆಲೆಟ್, ಕಣ್ಣು ಕಾಯುವ ಕನ್ನಡಕ, ಗುರಿಪೆಟ್ಟಿಗೆಗೆ ಇರಲಿ. ಸ್ಕೋಪ್ (ಗುರಿ ಹಿಡಿಯುವ ದುರ್ಬೀನು) ಆಮೇಲೆ ಕೊಂಡರಾಯಿತು, ಮೊದಲ ಆರು ತಿಂಗಳು ಕಬ್ಬಿಣದ ಸೈಟಿನಲ್ಲೇ ಕಲಿಯಿರಿ.

ಅಂಗಡಿಯಲ್ಲಿ

ನಳಿಕೆ ಬಗ್ಗಿಸಿ, ಬೆಳಕಿನ ಕಡೆ ಹಿಡಿದು ಒಳಗೆ ನೋಡಿ. ಸುರುಳಿ ಗೆರೆಗಳು ಕೊನೆಯವರೆಗೂ ಚೊಕ್ಕವಾಗಿ ಕಾಣಬೇಕು. ಮೂತಿಯ ಅಂಚಿನಲ್ಲಿ ಸಣ್ಣ ಪೆಟ್ಟು ಇದ್ದರೂ ಬೇಡ, ಪೆಲೆಟ್ ಕೊನೆಗೆ ಮುಟ್ಟಿಹೋಗುವುದು ಅದನ್ನೇ. ಮುಚ್ಚಿದ ಮೇಲೆ ನಳಿಕೆಯನ್ನು ಎಡಕ್ಕೆ ಬಲಕ್ಕೆ ಒತ್ತಿ. ಕೂದಲೆಳೆಯಷ್ಟು ಅಲುಗಿದರೂ ಕೆಳಗಿಟ್ಟುಬಿಡಿ, ಏಕೆಂದರೆ ಸೈಟ್ ಮುಂಭಾಗದಲ್ಲಿ ಅರ್ಧ ಮಿಲಿಮೀಟರ್ ಸರಿದರೆ ಗುರಿಯಲ್ಲಿ ಸೆಂಟಿಮೀಟರಿಗೂ ಹೆಚ್ಚು ಸರಿಯುತ್ತದೆ. ಬಂದೂಕಿನ ಹಿಂತುದಿಯನ್ನು (ಬಟ್) ಮೊಣಕೈ ಒಳಮಡಿಕೆಗೆ ಇಟ್ಟಾಗ ತೋರುಬೆರಳಿನ ಮೊದಲ ಗಿಣ್ಣು ಟ್ರಿಗರಿಗೆ ತಲುಪಬೇಕು. ನಳಿಕೆ ಬಗ್ಗಿಸುವುದನ್ನು ಮಗನೋ ಮಗಳೋ ಬಳಸುವುದಾದರೆ ಅವರಿಂದಲೇ ಮಾಡಿಸಿ ನೋಡಿ. ಹತ್ತು ಸಲಕ್ಕೆ ಕೈ ನಡುಗಿದರೆ ಆ ಬಂದೂಕು ಅವರಿಗಲ್ಲ.

ಖಾಲಿ ಹೊಡೆದು ತೋರಿಸಲು ಬಿಡಬೇಡಿ. ಪೆಲೆಟ್ ಇಲ್ಲದಿದ್ದರೆ ಗಾಳಿಗೆ ತಡೆ ಇರುವುದಿಲ್ಲ, ಪಿಸ್ಟನ್ ನೇರ ಲೋಹಕ್ಕೆ ಬಡಿದು ಸೀಲ್ ಹರಿಯುತ್ತದೆ. ಪೆಲೆಟ್ ಹಾಕಿಯೇ ಹೊಡೆಸಿ. ಹೊಡೆಸುವಾಗ ನಳಿಕೆಯ ಕೀಲಿನ ಮೇಲೆ ಟಿಶ್ಯೂ ಕಾಗದದ ಚೂರು ಇಡಿ. ಕಾಗದ ಹಾರಿದರೆ ಗಾಳಿ ಸೋರುತ್ತಿದೆ ಎಂದರ್ಥ. ರಬ್ಬರ್ ಉಂಗುರ ಬದಲಿಸಿದರೆ ಸರಿಹೋಗುವ ದೋಷ, ಆದರೆ ಹೊಸ ಬಂದೂಕಿನಲ್ಲಿ ಅದನ್ನು ನೀವೇಕೆ ಸಹಿಸಬೇಕು?

ಪೆಲೆಟ್

ಚಪ್ಪಟೆ ಮೂತಿಯ ಸೀಸದ ಪೆಲೆಟ್ 10 ಮೀಟರಿಗೆ ಸರಿಯಾದದ್ದು, ಕಾಗದದಲ್ಲಿ ಪಂಚಿಂಗ್ ಮಷಿನ್ನಿನಂತೆ ದುಂಡನೆ ತೂತು ಬೀಳುತ್ತದೆ. 20–25 ಮೀಟರ್ ಹೋದರೆ ಗುಮ್ಮಟ ಮೂತಿಯದು. ಚೂಪು ಮೂತಿಯದು ನೋಡಲು ಚೆಂದ, ಒಂದೆಡೆ ಬೀಳಬೇಕಾದ ತೂತುಗಳ ಗುಂಪನ್ನು ಕೆಡಿಸುತ್ತದೆ. ಉಕ್ಕಿನ ಗೋಲಿಯನ್ನಂತೂ ಹಾಕಲೇಬೇಡಿ, ನಳಿಕೆಯ ಗೆರೆ ಕೆರೆಯುತ್ತದೆ, ಗೋಡೆಗೆ ಬಡಿದು ಕಣ್ಣಿಗೆ ಮರಳುತ್ತದೆ.

ಮೂರು ಬಗೆಯ ಡಬ್ಬಿ ತಂದು, ಒಂದೊಂದರಲ್ಲಿ ಐದೈದರ ಮೂರು ಗುಂಪು ಹೊಡೆಯಿರಿ. 10 ಮೀಟರಿನಲ್ಲಿ, ಕೂತು ಆನಿಸಿಕೊಂಡು ಹೊಡೆದಾಗ ಐದೂ ತೂತು ಒಂದು ರೂಪಾಯಿ ನಾಣ್ಯದಡಿ ಮುಚ್ಚಿದರೆ ಅದೇ ನಿಮ್ಮ ಪೆಲೆಟ್. ಹೊಸ ಬಂದೂಕಿನಲ್ಲಿ ಮೊದಲ ಇನ್ನೂರು ಮುನ್ನೂರು ಹೊಡೆತ ಹೊಗೆ, ಎಣ್ಣೆ ಸುಟ್ಟ ವಾಸನೆ ಬರಬಹುದು, ಕಾರ್ಖಾನೆಯ ಎಣ್ಣೆ ಒಳಗೆ ಹೊತ್ತಿಕೊಳ್ಳುವುದರಿಂದ ಹಾಗೆ. ಅಷ್ಟರವರೆಗೆ ಯಾವ ತೀರ್ಮಾನಕ್ಕೂ ಬರಬೇಡಿ, ಒಳಗೆ ಇನ್ನಷ್ಟು ಎಣ್ಣೆಯನ್ನೂ ಬಿಡಬೇಡಿ. ಸೀಸ ವಿಷ. ಪೆಲೆಟ್ಟನ್ನು ಬಾಯಲ್ಲಿ ಹಿಡಿದುಕೊಳ್ಳುವ ಚಾಳಿ ಬಿಡಿ, ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆದೇ ರೊಟ್ಟಿ ಮುಟ್ಟಿ.

ಹಿತ್ತಲಲ್ಲಿ 10 ಮೀಟರ್

ಪೆಲೆಟ್ ಹಿಡಿಯುವ ಗುರಿಪೆಟ್ಟಿಗೆ ಅಂದರೆ 30×30 ಸೆಂ.ಮೀ., 15 ಸೆಂ.ಮೀ. ಆಳದ ಪ್ಲೈವುಡ್ ಪೆಟ್ಟಿಗೆ. ಹಿಂದೆ 3 ಮಿ.ಮೀ. ಕಬ್ಬಿಣದ ತಗಡು, ಮುಂದೆ ರಟ್ಟು, ನಡುವೆ ಹಳೇ ಬಟ್ಟೆ ಗಟ್ಟಿಯಾಗಿ ತುರುಕಿ. ನಾಲ್ಕು ನೂರು ಹೊಡೆತಕ್ಕೊಮ್ಮೆ ಬಿಚ್ಚಿ ಬಟ್ಟೆ ಹೊರಳಿಸಿ. ಎಲ್ಲ ಪೆಲೆಟ್ ನಡುವಿಗೇ ಬಿದ್ದು ಅಲ್ಲಿ ಟೊಳ್ಳಾಗಿರುತ್ತದೆ, ಬಿಟ್ಟರೆ ತಗಡಿಗೆ ಬಡಿದು ವಾಪಸ್ ಬರುತ್ತದೆ. ಪೆಟ್ಟಿಗೆಯ ಹಿಂದೆ ಮಣ್ಣಿನ ಗೋಡೆ, ಇಲ್ಲವೇ ಮರಳು ತುಂಬಿದ ಗೊಬ್ಬರದ ಚೀಲ ಎರಡು ಸಾಲು. ನಮ್ಮ ಕಡೆ ಹಿತ್ತಲ ಗೋಡೆಗೆ ಹೆಚ್ಚಾಗಿ ಕಲ್ಲು, ನೆಲಕ್ಕೆ ಫರಸಿ. ಎರಡಕ್ಕೂ ಪೆಲೆಟ್ ಜಾರಿ ಪುಟಿಯುತ್ತದೆ. ಬರೀ ಕಲ್ಲುಗೋಡೆಗೆ ಕಾಗದ ಅಂಟಿಸಿ ಹೊಡೆಯುವುದು ಕಣ್ಣು ಕಳೆದುಕೊಳ್ಳುವ ದಾರಿ, ಪಕ್ಕದಲ್ಲಿ ನಿಂತವರಿಗೂ ಕನ್ನಡಕ ಹಾಕಿಸಿ. ಗುರಿ ಹಿಂದೆ ಓಣಿ, ಬಾಗಿಲು, ದನದ ಕೊಟ್ಟಿಗೆ ಇರಬಾರದು. ತಪ್ಪಿದ ಪೆಲೆಟ್ ಮುನ್ನೂರು ಮೀಟರ್ ಹೋಗಬಲ್ಲದು.

ಗುರಿಯ ನಡು ನೆಲದಿಂದ 1.4 ಮೀಟರ್ ಎತ್ತರಕ್ಕಿರಲಿ. ಸ್ಪರ್ಧೆಯ ಕಾಗದದಲ್ಲಿ ಕಪ್ಪು ವೃತ್ತ 30.5 ಮಿ.ಮೀ., ನಡುವಿನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್. ಅದನ್ನು ನೋಡಿ ಎದೆಗುಂದಬೇಡಿ, ಮೊದಲು ಕಪ್ಪಿನೊಳಗೆ ಬೀಳಲಿ.

ಸ್ಪ್ರಿಂಗ್ ರೈಫಲ್ಲನ್ನು ಬಿಗಿಯಾಗಿ ಹಿಡಿದರೆ ಗುರಿ ಕೆಡುತ್ತದೆ. ಪೆಲೆಟ್ ಹೊರಬೀಳುವ ಮುಂಚೆಯೇ ಬಂದೂಕು ಹಿಂದಕ್ಕೂ ಮುಂದಕ್ಕೂ ಕುಲುಕುತ್ತದೆ, ಆ ಕುಲುಕು ಪ್ರತಿಸಲ ಒಂದೇ ತರಹ ಆಗಬೇಕು. ಎಡ ಅಂಗೈಯನ್ನು ಚಾಚಿ, ಅದರ ಮೇಲೆ ಮುಂಭಾಗವನ್ನು ಸುಮ್ಮನೆ ಇಡಿ, ಬೆರಳು ಸುತ್ತಬೇಡಿ. ಅಂಗೈ ಇಡುವ ಜಾಗಕ್ಕೆ ಟೇಪ್ ಗುರುತು ಹಚ್ಚಿ. ಮೇಜಿನ ಮೇಲೆ, ಮರಳುಚೀಲದ ಮೇಲೆ ನೇರ ಇಡಬೇಡಿ, ನಡುವೆ ಕೈ ಇರಲಿ. ಪೆಲೆಟ್ ಹಾಕುವಾಗ ಬಗ್ಗಿದ ನಳಿಕೆಯನ್ನು ಇನ್ನೊಂದು ಕೈಯಿಂದ ಹಿಡಿದೇ ಇರಿ. ಟ್ರಿಗರ್ ಜಾರಿ ನಳಿಕೆ ತಟ್ಟನೆ ಮೇಲೆದ್ದರೆ ಬೆರಳು ತುಂಡಾಗುತ್ತದೆ.

ಗುಂಪು ಒಂದೆಡೆ ಬೀಳುತ್ತಿದೆ, ಆದರೆ ಕೆಳಗೆ ಬೀಳುತ್ತಿದೆ ಎಂದಾದರೆ ಹಿಂದಿನ ಸೈಟ್ ಏರಿಸಿ. ಬಲಕ್ಕೆ ಬಿದ್ದರೆ ಹಿಂದಿನ ಸೈಟನ್ನು ಎಡಕ್ಕೆ ಸರಿಸಿ. ಒಂದೊಂದೇ ಪೆಲೆಟ್ ನೋಡಿ ತಿರುಗಿಸಬೇಡಿ, ಐದರ ಗುಂಪಿನ ನಡುವನ್ನು ನೋಡಿ. ಮುಂದೆ ಸ್ಕೋಪ್ ಹಾಕುವಾಗ ಸ್ಪ್ರಿಂಗ್ ರೈಫಲ್ಲಿಗೆಂದೇ ಮಾಡಿದ್ದನ್ನು, 10 ಮೀಟರಿಗೆ ಸ್ಪಷ್ಟವಾಗುವಂಥದ್ದನ್ನು ಕೇಳಿ. ಸಾಮಾನ್ಯ ಸ್ಕೋಪಿನ ಒಳಗಾಜು ಎರಡೂ ಕಡೆಯ ಕುಲುಕಿಗೆ ಸಡಿಲಾಗುತ್ತದೆ. ಸ್ಕೋಪಿನ ತಿರುಗಣೆಗೆ ಕಾಲು ನಿಮಿಷದ (ಇದು ಕೋನದ ಅಳತೆ, 1/4 MOA) ಕ್ಲಿಕ್ ಇದ್ದರೆ 10 ಮೀಟರಿನಲ್ಲಿ ಒಂದು ಕ್ಲಿಕ್ಕಿಗೆ ಸುಮಾರು 0.7 ಮಿ.ಮೀ. ಸರಿಯುತ್ತದೆ, 14 ಮಿ.ಮೀ. ಸರಿಸಲು 20 ಕ್ಲಿಕ್ ಬೇಕು.

ನಿನ್ನೆವರೆಗೆ ಚೆನ್ನಾಗಿದ್ದ ಗುಂಪು ಇವತ್ತು ಚದುರಿದರೆ ಮೊದಲು ಸ್ಟಾಕಿನ (ಬಂದೂಕಿನ ಹಿಡಿಯ) ಸ್ಕ್ರೂ ನೋಡಿ, ಮುಂದೆ ಎರಡು, ಟ್ರಿಗರ್ ಗಾರ್ಡಿನ ಬಳಿ ಒಂದೆರಡು. ಬಹಳ ಸಲ ದೋಷ ಅಲ್ಲೇ. ಆಮೇಲೆ ಸ್ಕೋಪಿನ ಕ್ಲಾಂಪ್, ಆಮೇಲೆ ಕೀಲಿನ ಉಂಗುರ, ಕೊನೆಗೆ ನಳಿಕೆಯಲ್ಲಿ ಕೂತ ಸೀಸ. ನಳಿಕೆಯನ್ನು ಮೀನು ಹಿಡಿಯುವ ದಾರಕ್ಕೆ ಕಟ್ಟಿದ ಬಟ್ಟೆಚೂರಿನಿಂದ ಹಿಂದಿನಿಂದ ಮುಂದಕ್ಕೆ ಎಳೆದು ಒರೆಸಿ, ಕಬ್ಬಿಣದ ಸಲಾಕೆ ತೂರಿಸಬೇಡಿ. ನಳಿಕೆ ಬಗ್ಗಿಸಿ ಸ್ಪ್ರಿಂಗ್ ಒತ್ತಿಸಿ, ಹೊಡೆಯದೆ ಗಂಟೆಗಟ್ಟಲೆ ಬಿಟ್ಟರೆ ಸ್ಪ್ರಿಂಗ್ ಸೋಲುತ್ತದೆ. ಎರೆಹೊಲದಲ್ಲಿ ಬೇಸಿಗೆಯ ಧೂಳು ನಳಿಕೆ ಸೇರದಂತೆ ಮೂತಿಗೆ ಟೊಪ್ಪಿ ಹಾಕಿ, ಹೊಡೆಯುವ ಮುಂಚೆ ಅದನ್ನು ತೆಗೆಯಲು ಮರೆಯಬೇಡಿ. ಬಾಗಲಕೋಟೆ, ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಪಿಸಿಪಿ ಬಿಡಬೇಡಿ, ಒಳಗಿನ ಒತ್ತಡ ಏರುತ್ತದೆ.

ಬೆಳಗಾವಿ, ಖಾನಾಪುರ ಕಡೆಯವರ ತೊಂದರೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪಂಜಿನ ಚೀಲದಲ್ಲಿಟ್ಟ ಬಂದೂಕಿಗೆ ಹದಿನೈದು ದಿನದಲ್ಲಿ ತುಕ್ಕು ಹಿಡಿಯಬಹುದು, ಸ್ಪಂಜು ತೇವ ಹೀರಿ ಹಾಗೇ ಇಟ್ಟುಕೊಳ್ಳುತ್ತದೆ. ಹೊರಮೈಗೆ ಹೊಲಿಗೆ ಯಂತ್ರದ ಎಣ್ಣೆ ತೆಳುವಾಗಿ ಸವರಿ, ಹತ್ತಿ ಬಟ್ಟೆಯಲ್ಲಿ ಸುತ್ತಿ, ಬೀಗ ಹಾಕಿದ ಕಪಾಟಿನಲ್ಲಿ ನಿಲ್ಲಿಸಿ. ಪೆಲೆಟ್ ಡಬ್ಬಿ ಬೇರೆ ಕಪಾಟಿನಲ್ಲಿ, ಕೀಲಿಕೈ ಮಕ್ಕಳಿಗೆ ಸಿಗದ ಕಡೆ.