ಆರ್ಕಿಟೆಕ್ಟರ ಸಂಘದ ಚುನಾವಣೆ: ಮತದಾರರ ಪಟ್ಟಿಯಿಂದ ಅಧಿಕಾರ ಹಸ್ತಾಂತರದವರೆಗೆ

ಸಂಘದ ಚುನಾವಣೆಯಲ್ಲಿ ಎದ್ದ ತಕರಾರಿನ ಜಾಡು ಹಿಡಿದು ಹಿಂದಕ್ಕೆ ಹೋದರೆ ಬಹುಪಾಲು ಸಲ ಮತದಾರರ ಪಟ್ಟಿಗೇ ಬಂದು ನಿಲ್ಲುತ್ತೇವೆ. ಬಾಕಿ ಇದ್ದವರ ಹೆಸರು ಉಳಿದುಕೊಂಡಿರುತ್ತದೆ, ಶುಲ್ಕ ಕಟ್ಟಿದವರ ಹೆಸರು ಬಿಟ್ಟುಹೋಗಿರುತ್ತದೆ, ನೋಟಿಸು ಯಾವುದೋ ಹಳೇ ವಿಳಾಸಕ್ಕೆ ಹೋಗಿರುತ್ತದೆ. ಮತದಾನದ ದಿನಕ್ಕೆ ಎಷ್ಟೇ ಅಚ್ಚುಕಟ್ಟಾಗಿ ಸಿದ್ಧತೆ ಮಾಡಿದರೂ ಇವನ್ನು ಅಲ್ಲಿ ಸರಿಪಡಿಸಲಾಗದು. ಅಡಿಪಾಯದ ಅಳತೆ ತಪ್ಪಿದರೆ ಮೂರನೇ ಮಹಡಿಯಲ್ಲಿ ತಿದ್ದಲಾಗದೆಂಬುದು ನಮ್ಮ ವೃತ್ತಿಯವರಿಗೆ ಹೇಳಿಕೊಡಬೇಕಾದ ಮಾತಲ್ಲ. ಐವತ್ತರಿಂದ ಮುನ್ನೂರು ಸದಸ್ಯರಿರುವ ಸ್ಥಳೀಯ ಸಂಘವನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕ್ರಮವನ್ನು ಬರೆದಿದ್ದೇವೆ.

ಮೊದಲು ಬೈಲಾ

ಸಂಘದ ನಿಯಮಾವಳಿಯಾದ ಬೈಲಾವನ್ನು ಪೆನ್ನು ಹಿಡಿದೇ ಓದಿ. ಯಾವ ವರ್ಗದ ಸದಸ್ಯರಿಗೆ ಮತದ ಹಕ್ಕಿದೆ, ಯಾರು ಸ್ಪರ್ಧಿಸಬಹುದು, ಒಬ್ಬರು ಒಂದೇ ಹುದ್ದೆಯಲ್ಲಿ ಎಷ್ಟು ಅವಧಿ ಇರಬಹುದು, ನೋಟಿಸಿಗೆ ಎಷ್ಟು ದಿನ, ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಎಷ್ಟು, ಪ್ರಾಕ್ಸಿ (ಬಾರದವರ ಪರವಾಗಿ ಇನ್ನೊಬ್ಬರು ಹಾಕುವ ಮತ), ಅಂಚೆ, ಆನ್‌ಲೈನ್ ಮತಕ್ಕೆ ಅವಕಾಶವಿದೆಯೇ, ಸಮಬಲವಾದರೆ ಏನು ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಕಲಮಿನ ಸಂಖ್ಯೆ ಸಮೇತ ಒಂದೇ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಬೈಲಾ ಮೌನವಾಗಿರುವ ಕಡೆ ಸಮಿತಿ ಈಗಲೇ ನಿರ್ಣಯ ಮಾಡಿ ನಡಾವಳಿಗೆ ಸೇರಿಸಲಿ. ನಾಮಪತ್ರ ಬಂದ ಮೇಲೆ ಮಾಡಿದ ನಿಯಮ ಎಷ್ಟೇ ನ್ಯಾಯವಾಗಿದ್ದರೂ ಯಾರದೋ ಅನುಕೂಲಕ್ಕೆ ಮಾಡಿದ್ದೆಂದೇ ಕಾಣುತ್ತದೆ. ಬೈಲಾವನ್ನೇ ಬದಲಿಸಬೇಕಿದ್ದರೆ ಅದು ಸರ್ವಸದಸ್ಯರ ಸಭೆಯ ಕೆಲಸ. ಈ ಚುನಾವಣೆಗೆ ಆಗದು, ಮುಂದಿನದಕ್ಕೆ ಇಟ್ಟುಕೊಳ್ಳಿ.

ಚುನಾವಣೆ ನಡೆಯುವ ಸಭೆಗೆ ಕೊಡುವ ನೋಟಿಸಿನ ದಿನಗಳನ್ನು ಎಣಿಸುವಾಗ ಕಳಿಸಿದ ದಿನ, ಸಭೆಯ ದಿನ ಎರಡನ್ನೂ ಬಿಟ್ಟುಬಿಡಿ. 30ನೇ ತಾರೀಕು ಸಭೆ, 14 ದಿನದ ನೋಟಿಸು ಎಂದಿದ್ದರೆ 15ನೇ ತಾರೀಕಿನೊಳಗೆ ಕಳಿಸಿರಬೇಕು. ನಡುವೆ 16ರಿಂದ 29ರವರೆಗೆ ಪೂರ್ತಿ 14 ದಿನ ಸಿಗುತ್ತದೆ. ಒಂದು ದಿನ ಕಡಿಮೆಯಾದರೂ ಸೋತವರ ಕೈಗೆ ನೀವೇ ಕಾರಣ ಕೊಟ್ಟಂತೆ.

ವೇಳಾಪಟ್ಟಿಯನ್ನು ಸಭೆಯ ದಿನದಿಂದ ಹಿಂದಕ್ಕೆ ಎಣಿಸಿ ಹಾಕಿ. 90 ದಿನ ಮೊದಲು ಚುನಾವಣಾಧಿಕಾರಿಯ ನೇಮಕ. 75ಕ್ಕೆ ಕರಡು ಮತದಾರರ ಪಟ್ಟಿ, 65ಕ್ಕೆ ಆಕ್ಷೇಪಣೆ ಮುಕ್ತಾಯ, 60ಕ್ಕೆ ಅಂತಿಮ ಪಟ್ಟಿ. ಅದರ ಬೆನ್ನಿಗೇ ನಾಮಪತ್ರಕ್ಕೆ ಆಹ್ವಾನ. ಅದಕ್ಕೆ ಎರಡು ವಾರ ಕೊಡಿ. 42ಕ್ಕೆ ಪರಿಶೀಲನೆ, 38ಕ್ಕೆ ವಾಪಸು ಪಡೆಯಲು ಕೊನೆಯ ದಿನ, 35ಕ್ಕೆ ಕಣದಲ್ಲಿರುವವರ ಅಂತಿಮ ಪಟ್ಟಿ. ಅಂಚೆ ಮತಪತ್ರ ಅಥವಾ ಆನ್‌ಲೈನ್ ಲಿಂಕು 21 ದಿನ ಮೊದಲು ಹೊರಡಲಿ. ಬೈಲಾದಲ್ಲಿ ಬೇರೆ ಗಡುವಿದ್ದರೆ ಅದೇ ಅಂತಿಮ. ಪ್ರತಿ ಗಡುವಿಗೂ ತಾರೀಕಿನ ಜೊತೆ ಗಂಟೆಯನ್ನೂ ಬರೆಯಿರಿ. ‘15ರಂದು ಕೊನೆ’ ಎಂದಷ್ಟೇ ಬರೆದರೆ ರಾತ್ರಿ 11.50ಕ್ಕೆ ಬಂದ ಇಮೇಲನ್ನು ಏನು ಮಾಡುತ್ತೀರಿ?

ಚುನಾವಣಾಧಿಕಾರಿ ಯಾರು

ಅಭ್ಯರ್ಥಿಯಲ್ಲದವರು, ಯಾರಿಗೂ ಸೂಚಕರೋ ಅನುಮೋದಕರೋ ಆಗದವರು ಎಂಬುದು ಎಲ್ಲರಿಗೂ ಗೊತ್ತು. ಆರ್ಕಿಟೆಕ್ಟರ ಸಂಘದಲ್ಲಿ ಅಷ್ಟು ಸಾಲದು. ಅಭ್ಯರ್ಥಿಯ ಕಚೇರಿಯಲ್ಲಿ ಕೆಲಸ ಮಾಡುವವರು, ಪಾಲುದಾರರು, ಸದ್ಯ ಅವರೊಟ್ಟಿಗೆ ಒಂದೇ ಪ್ರಾಜೆಕ್ಟಿನಲ್ಲಿ ಇರುವವರು ಕೂಡ ಬೇಡ. ಹಿಂದೆ ಹುದ್ದೆಯಲ್ಲಿದ್ದು ಈಗ ದೂರ ಸರಿದ ಹಿರಿಯರು ಒಗ್ಗುತ್ತಾರೆ. ಊರಲ್ಲಿ ಸಿಗದಿದ್ದರೆ ಎಂಜಿನಿಯರುಗಳ ಸಂಘದಂಥ ನೆರೆಯ ಸಂಸ್ಥೆಯಿಂದ ಒಬ್ಬರನ್ನು ಕರೆಯಿರಿ. ಸಹಾಯಕ್ಕೆ ಇಬ್ಬರಿರಲಿ. ಹಾಲಿ ಕಾರ್ಯದರ್ಶಿ ದಾಖಲೆಗಳನ್ನು ಒದಗಿಸಬೇಕು, ತೀರ್ಮಾನಗಳಲ್ಲಿ ಕೈಹಾಕಬಾರದು. ಸದಸ್ಯರ ಇಮೇಲ್ ಪಟ್ಟಿಯನ್ನು ಹಾಲಿ ಪದಾಧಿಕಾರಿಗಳು ತಮ್ಮ ಪ್ರಚಾರಕ್ಕೆ ಬಳಸುವುದನ್ನು ಮೊದಲ ದಿನವೇ ನಿಲ್ಲಿಸಬೇಕು. ಬಳಸಲು ಬಿಡುವುದಾದರೆ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಉದ್ದದ ಒಂದೊಂದು ಪತ್ರ, ಅದೂ ಚುನಾವಣಾಧಿಕಾರಿಯ ಮೂಲಕ.

ಪಟ್ಟಿ

ಇದಕ್ಕೆ ಸಮಯ ಕೊಡಿ. ಒಂದು ನಿರ್ದಿಷ್ಟ ದಿನ ಸಂಜೆ 5ಕ್ಕೆ ಪಟ್ಟಿ ಗಟ್ಟಿಯಾಗುತ್ತದೆ ಎಂದು ಘೋಷಿಸಿ. ಆ ಕ್ಷಣಕ್ಕೆ ಶುಲ್ಕ ಸಂಘದ ಖಾತೆಗೆ ಜಮೆಯಾಗಿರಬೇಕೋ, ಚೆಕ್ಕು ಕೈಗೆ ಬಂದಿದ್ದರೆ ಸಾಕೋ ಎಂಬುದನ್ನೂ ಅದರಲ್ಲೇ ಬರೆಯಿರಿ. ಆಮೇಲೆ ಮೂರು ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ಹೆಸರು ಹೆಸರಾಗಿ ತಾಳೆ ನೋಡಿ: ಸದಸ್ಯತ್ವದ ರಿಜಿಸ್ಟರು, ಶುಲ್ಕದ ಲೆಕ್ಕ, ವೃತ್ತಿಪರ ನೋಂದಣಿಯ ಸಿಂಧುತ್ವ. ನೋಂದಣಿ ನವೀಕರಿಸದ ಸದಸ್ಯರಿಗೆ ಮತವಿಲ್ಲ ಎಂದು ಬೈಲಾ ಹೇಳುತ್ತಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಮದುವೆಯ ನಂತರ ಹೆಸರು ಬದಲಾಗಿ ಎರಡು ಸಲ ದಾಖಲಾದವರು, ತೀರಿಕೊಂಡವರು, ಬೇರೆ ಊರಿನ ಶಾಖೆಗೆ ವರ್ಗವಾದವರು, ವಿದ್ಯಾರ್ಥಿ ಸದಸ್ಯತ್ವ ಮುಗಿದರೂ ಪೂರ್ಣ ಸದಸ್ಯತ್ವಕ್ಕೆ ಬಾರದವರು, ಗೌರವ ಸದಸ್ಯರು – ತಪ್ಪು ನುಸುಳುವ ಜಾಗಗಳು ಇವೇ.

ಕಚೇರಿಯ ಮಾಲೀಕರೊಬ್ಬರು ಕೊನೆಯ ವಾರ ತಮ್ಮ ಹನ್ನೆರಡು ಮಂದಿ ಕಿರಿಯರ ಶುಲ್ಕವನ್ನು ಒಂದೇ ಚೆಕ್ಕಿನಲ್ಲಿ ಕಟ್ಟಿದರೆ? ಬೈಲಾ ತಡೆಯದಿದ್ದರೆ ಅದು ಸಿಂಧುವೇ. ಆದರೆ ಹನ್ನೆರಡು ಮಂದಿಯ ಹೆಸರಿಗೂ ಬೇರೆ ಬೇರೆ ರಸೀದಿ ಹೋಗಲಿ, ಮತಪತ್ರವೂ ಲಿಂಕೂ ಪ್ರತಿಯೊಬ್ಬರ ಸ್ವಂತ ವಿಳಾಸಕ್ಕೇ ಹೋಗಲಿ. ಕಚೇರಿಯ ವಿಳಾಸಕ್ಕೆ ಕಟ್ಟಾಗಿ ಕಳಿಸಿದರೆ ಗುಪ್ತ ಮತದಾನ ಎಂಬುದು ಹೆಸರಿಗೆ ಮಾತ್ರ ಉಳಿಯುತ್ತದೆ. ಸಂಬಳ ಕೊಡುವವರೂ ಪಡೆಯುವವರೂ ಒಂದೇ ಸಂಘದ ಸಮಾನ ಸದಸ್ಯರಾಗಿರುವ ವೃತ್ತಿ ನಮ್ಮದು. ಕಿರಿಯರ ಮತಕ್ಕೆ ರಕ್ಷಣೆ ಇರುವುದು ಆ ಗುಪ್ತತೆಯಲ್ಲೇ. ಈ ಒಂದು ವಿಷಯದಲ್ಲಿ ಯಾರ ಮುಲಾಜಿಗೂ ಬೀಳಬೇಡಿ.

ಕರಡು ಪಟ್ಟಿಯಲ್ಲಿ ಹೆಸರು, ಸದಸ್ಯತ್ವ ಸಂಖ್ಯೆ, ವರ್ಗ ಇಷ್ಟೇ ಇರಲಿ. ಫೋನು, ವಿಳಾಸ, ಬಾಕಿಯ ಮೊತ್ತ ಬೇಡ. ಬಾಕಿ ಇರುವವರಿಗೆ ಖಾಸಗಿಯಾಗಿ ಪತ್ರ ಬರೆದು ಗಡುವು ತಿಳಿಸಿ. ಡ್ರಾಯಿಂಗಿಗೆ ಹಾಕುವಂತೆ ಪಟ್ಟಿಯ ಪ್ರತಿ ಪುಟಕ್ಕೂ ರಿವಿಷನ್ ಸಂಖ್ಯೆ (ಎಷ್ಟನೇ ತಿದ್ದುಪಡಿ ಎಂಬುದು), ತಾರೀಕು, ಒಟ್ಟು ಹೆಸರುಗಳ ಸಂಖ್ಯೆ ಹಾಕಿ. ಎರಡು ಬಗೆಯ ಪಟ್ಟಿಗಳು ಓಡಾಡುತ್ತಿದ್ದರೂ ಯಾವುದು ಅಂತಿಮ ಎಂಬ ಜಗಳ ಆಗ ಹುಟ್ಟುವುದೇ ಇಲ್ಲ.

ನಾಮಪತ್ರ

ಒಂದು ಹುದ್ದೆಗೆ ಒಂದು ಹಾಳೆ: ಅಭ್ಯರ್ಥಿ, ಸೂಚಕ, ಅನುಮೋದಕ ಮೂವರ ಹೆಸರು, ಸದಸ್ಯತ್ವ ಸಂಖ್ಯೆ, ಸಹಿ, ಸ್ಪರ್ಧೆಗೆ ಒಪ್ಪಿಗೆ, ಅರ್ಹತೆಯ ಘೋಷಣೆ. ತಲುಪಿದ ಗಂಟೆ ಬರೆದು ರಸೀದಿ ಕೊಡಿ. ಪರಿಶೀಲನೆಯಲ್ಲಿ ಎರಡು ಬಗೆಯ ದೋಷ ಬೇರೆ ಮಾಡಿಕೊಳ್ಳಿ. ಸದಸ್ಯತ್ವ ಸಂಖ್ಯೆಯ ಒಂದು ಅಂಕಿ ತಪ್ಪು, ಇನಿಷಿಯಲ್ ಬಿಟ್ಟದ್ದು ಮುಂತಾದವನ್ನು ಅಲ್ಲೇ ತಿದ್ದಿಸಬಹುದು. ಒಪ್ಪಿಗೆಯ ಸಹಿ ಇಲ್ಲದಿದ್ದರೆ, ಸೂಚಕರ ಹೆಸರು ಮತದಾರರ ಪಟ್ಟಿಯಲ್ಲೇ ಇಲ್ಲದಿದ್ದರೆ, ಗಡುವು ಮೀರಿದ್ದರೆ ತಿರಸ್ಕರಿಸಲೇಬೇಕು. ತಿರಸ್ಕರಿಸಿದ ಕಾರಣವನ್ನು ಕಲಮಿನ ಸಂಖ್ಯೆಯೊಂದಿಗೆ ಅದೇ ದಿನ ಬರಹದಲ್ಲಿ ಕೊಡಿ.

ಒಂದೇ ನಾಮಪತ್ರ ಉಳಿದರೆ ಅವಿರೋಧ ಆಯ್ಕೆ. ಒಂದೂ ಬಾರದಿದ್ದರೆ ಒಂದೇ ಒಂದು ಸಲ, ಒಂದು ವಾರ ವಿಸ್ತರಿಸಿ. ಕಿರಿಯರು ಹಿಂಜರಿಯುವುದು ಹುದ್ದೆಯ ಕೆಲಸ ಎಷ್ಟೆಂದು ಗೊತ್ತಿಲ್ಲದೆ. ಖಜಾಂಚಿಗೆ ತಿಂಗಳಿಗೆ ಎಷ್ಟು ಗಂಟೆ ಬೇಕು, ಯಾವ ಸಭೆಗಳಿಗೆ ಹೋಗಬೇಕು ಎಂದು ಅರ್ಧ ಪುಟದ ವಿವರವನ್ನು ನಾಮಪತ್ರದ ಜೊತೆಗೇ ಕಳಿಸಿ.

ಮತ ಎಣಿಸುವ ಪದ್ಧತಿ

ಏಳು ಸ್ಥಾನದ ಸಮಿತಿಗೆ ಪ್ರತಿಯೊಬ್ಬರೂ ಏಳು ಮತ ಹಾಕುವುದು ಬಹಳ ಕಡೆ ರೂಢಿ. ಅದರ ಪರಿಣಾಮ ನೋಡಿ: 100 ಮತದಾರರಲ್ಲಿ 55 ಮಂದಿ ಒಂದು ಗುಂಪಿನ ಏಳೂ ಹೆಸರಿಗೆ ಗುರುತು ಹಾಕಿದರೆ ಏಳಕ್ಕೆ ಏಳೂ ಅವರದೇ, 45 ಮಂದಿಗೆ ಒಬ್ಬ ಪ್ರತಿನಿಧಿಯೂ ಇಲ್ಲ. ವರ್ಗಾವಣೆಯ ಪ್ರಾಶಸ್ತ್ಯ ಮತ ಪದ್ಧತಿಯಲ್ಲಿ ಮತದಾರರು ಹೆಸರುಗಳಿಗೆ 1, 2, 3 ಎಂದು ಕ್ರಮ ಕೊಡುತ್ತಾರೆ, ಗೆದ್ದವರ ಹೆಚ್ಚುವರಿ ಮತವೂ ಹೊರಬಿದ್ದವರ ಮತವೂ ಮುಂದಿನ ಹೆಸರಿಗೆ ಹೋಗುತ್ತವೆ. ಇದರಲ್ಲಿ ಗೆಲ್ಲಲು ಬೇಕಾದ ಮತಗಳ ಕೋಟಾ ಇರುತ್ತದೆ: ಸಿಂಧು ಮತಗಳನ್ನು ಸ್ಥಾನಗಳ ಸಂಖ್ಯೆಗೆ ಒಂದು ಸೇರಿಸಿ ಭಾಗಿಸಿ, ಭಿನ್ನಾಂಶ ಬಿಟ್ಟು ಒಂದು ಕೂಡಿಸಬೇಕು. 100ನ್ನು 8ರಿಂದ ಭಾಗಿಸಿದರೆ 12.5, ಕೋಟಾ 13. 55ರಲ್ಲಿ ನಾಲ್ಕು ಕೋಟಾ, 45ರಲ್ಲಿ ಮೂರು. ಎರಡೂ ಬಣ ತಮ್ಮವರಿಗೇ ಪ್ರಾಶಸ್ತ್ಯ ಕೊಟ್ಟರೆ ಸಮಿತಿ ನಾಲ್ಕು–ಮೂರು ಆಗಿ ಬರುತ್ತದೆ. ದೊಡ್ಡ ಕಚೇರಿಯವರೂ ಒಂಟಿಯಾಗಿ ಕೆಲಸ ಮಾಡುವವರೂ ಕೂಡಿ ನಡೆಸಬೇಕಾದ ಸಂಘಕ್ಕೆ ಇದೇ ಮೇಲೆಂಬುದು ನಮ್ಮ ಅಭಿಪ್ರಾಯ.

ಅಧ್ಯಕ್ಷರಂಥ ಒಂದೇ ಸ್ಥಾನಕ್ಕೂ ಪ್ರಾಶಸ್ತ್ಯ ಮತ ಉಪಯೋಗಕ್ಕೆ ಬರುತ್ತದೆ. ಮೂವರಿಗೆ 38, 34, 28 ಮತ ಬಂದವೆನ್ನಿ. ಮೂರನೆಯವರು ಹೊರಬೀಳುತ್ತಾರೆ; ಅವರ 28ರಲ್ಲಿ 20 ಮತಪತ್ರಗಳ ಎರಡನೇ ಪ್ರಾಶಸ್ತ್ಯ 34ರವರಿಗೆ, 6 ಮೊದಲಿನವರಿಗೆ, 2ರಲ್ಲಿ ಏನೂ ಇಲ್ಲ. ಈಗ 34ರವರು 54–44ರಿಂದ ಗೆಲ್ಲುತ್ತಾರೆ. ಇವೆರಡಕ್ಕೂ ಬೈಲಾದ ಒಪ್ಪಿಗೆ ಮೊದಲೇ ಇರಬೇಕು.

ಮತಪತ್ರ

ವಿನ್ಯಾಸಕಾರರ ಸಂಘವಲ್ಲವೇ, ಮತಪತ್ರವನ್ನು ಅಂದವಾಗಿ ಮಾಡುವ ಆಸೆ ಸಹಜ. ಅದನ್ನು ಸ್ಪಷ್ಟತೆಗೆ ತಿರುಗಿಸಿ. 2000ದ ಅಮೆರಿಕ ಅಧ್ಯಕ್ಷೀಯ ಚುನಾವಣೆಯಲ್ಲಿ ಫ್ಲಾರಿಡಾದ ಪಾಮ್ ಬೀಚ್ ಕೌಂಟಿಯ ಮತಪತ್ರದಲ್ಲಿ ಹೆಸರುಗಳು ಎಡಬಲದ ಎರಡು ಪುಟಗಳಲ್ಲಿದ್ದವು, ರಂಧ್ರ ಮಾಡುವ ಸಾಲು ನಡುವೆ ಒಂದೇ. ಎಡಗಡೆಯ ಎರಡನೇ ಹೆಸರಿಗೆ ಸೇರಿದ್ದು ಮೂರನೇ ರಂಧ್ರ. ಅಕ್ಷರ ದೊಡ್ಡದಾಗಿ ಕಾಣಲೆಂದು ಮಾಡಿದ ವಿನ್ಯಾಸವೇ ಮತದಾರರನ್ನು ದಾರಿ ತಪ್ಪಿಸಿತು. ಹಾಗಾಗಿ ಒಂದು ಹುದ್ದೆಯ ಎಲ್ಲ ಹೆಸರೂ ಒಂದರ ಕೆಳಗೊಂದಾಗಿ, ಒಂದೇ ಪುಟದಲ್ಲಿ, ಒಂದೇ ಅಕ್ಷರದ ಗಾತ್ರದಲ್ಲಿ ಇರಲಿ; ಗುರುತಿನ ಚೌಕ ಹೆಸರಿಗೆ ಅಂಟಿಕೊಂಡಂತೆ ಬಲಗಡೆ. ಹೆಸರುಗಳ ನಡುವೆ ಗೆರೆ ಬೇಕು. ಹುದ್ದೆಗೊಂದು ಬಣ್ಣದ ಹಾಳೆ ಇದ್ದರೆ ಎಣಿಕೆ ಬೇಗ ಮುಗಿಯುತ್ತದೆ. ಕ್ರಮಸಂಖ್ಯೆ ಪ್ರತಿಪತ್ರದ (ಮತಪತ್ರ ಹರಿದು ಕೊಟ್ಟ ಮೇಲೆ ನಮ್ಮಲ್ಲಿ ಉಳಿಯುವ ಚೂರು) ಮೇಲೆ ಮಾತ್ರ, ಮತಪತ್ರದ ಮೇಲೆ ಬೇಡ. ಗುರುತಿಗೆ ರಬ್ಬರು ಮೊಹರು ಬಳಸುವುದಾದರೆ ಎಡಬಲ ಬೇರೆ ಇರುವ ಆಕಾರ ಆರಿಸಿ: ಮಡಿಚಿದಾಗ ಹಸಿ ಶಾಯಿ ಎದುರಿನ ಹೆಸರಿಗೆ ಅಂಟಿದರೆ ಅಲ್ಲಿ ಆಕಾರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ, ಮೂಲ ಯಾವುದೆಂದು ತಿಳಿಯುತ್ತದೆ. ದುಂಡನೆಯ ಮೊಹರಿನಲ್ಲಿ ಇದು ಸಾಧ್ಯವಿಲ್ಲ.

ಅಂಚೆ ಮತಕ್ಕೆ ಎರಡು ಲಕೋಟೆ. ಒಳಗಿನದು ಖಾಲಿ, ಹೊರಗಿನದರ ಮೇಲೆ ಹೆಸರು, ಸಂಖ್ಯೆ, ಸಹಿ. ಹೊರಲಕೋಟೆಯನ್ನು ಪಟ್ಟಿಗೆ ತಾಳೆ ನೋಡಿ, ಒಡೆದು, ಒಳಗಿನದನ್ನು ಪೆಟ್ಟಿಗೆಗೆ ಹಾಕಿ ಕಲಸಿದ ಮೇಲೆಯೇ ಒಳಲಕೋಟೆ ಬಿಚ್ಚಬೇಕು. ಆನ್‌ಲೈನಿಗೆ ಸಾಮಾನ್ಯ ಸಮೀಕ್ಷೆಯ ಫಾರ್ಮು ಬಳಸಬೇಡಿ. ಯಾರ ಖಾತೆಯಿಂದ ಏನು ಬಂತೆಂಬುದು ಅದರಲ್ಲಿ ದಾಖಲಾಗಬಹುದು, ದಾಖಲಾಗದಂತೆ ಮಾಡಿದರೆ ಒಬ್ಬರೇ ಎರಡು ಸಲ ಹಾಕಬಹುದು. ಒಂದೇ ಸಲ ಬಳಸಬಹುದಾದ ಲಿಂಕು ಕೊಡುವ, ಮತವನ್ನು ಮತದಾರರಿಂದ ಬೇರ್ಪಡಿಸುವ, ಅವಧಿ ಮುಗಿಯುವವರೆಗೆ ಫಲಿತಾಂಶ ತೋರದ ಮತದಾನ ಸೇವೆಯೇ ಬೇಕು. ಐದು ಮಂದಿಯೊಂದಿಗೆ ಒಂದು ಅಣಕು ಮತದಾನ ನಡೆಸಿ. ವಾಪಸು ಬಂದ ಇಮೇಲುಗಳನ್ನು ಅದೇ ದಿನ ಫೋನು ಮಾಡಿ ಸರಿಪಡಿಸಿ. ಪ್ರಾಕ್ಸಿ ಇದ್ದೇ ತೀರಬೇಕಾದರೆ ಒಬ್ಬರಿಗೆ ಒಂದು ಅಥವಾ ಎರಡಕ್ಕೆ ಮಿತಿ ಹಾಕಿ.

ಮತದಾನ, ಎಣಿಕೆ

ಖಾಲಿ ಪೆಟ್ಟಿಗೆಯನ್ನು ಹಾಜರಿದ್ದವರಿಗೆ ತೋರಿಸಿ, ಸೀಲು ಹಾಕಿ, ಅಭ್ಯರ್ಥಿಗಳ ಏಜೆಂಟರ ಸಹಿ ಪಡೆಯಿರಿ. ಪಟ್ಟಿಯಲ್ಲಿ ಹೆಸರಿಗೆ ಗೆರೆ, ಪ್ರತಿಪತ್ರಕ್ಕೆ ಸಹಿ, ಆಮೇಲೆ ಮತಪತ್ರ. ಮರೆಯಲ್ಲಿ ಒಂದು ಮೇಜು. ತಪ್ಪು ಗುರುತು ಹಾಕಿದವರು ಹಾಳೆ ಹಿಂದಿರುಗಿಸಿದರೆ ಅದನ್ನು ರದ್ದುಪಡಿಸಿ ಲಕೋಟೆಯಲ್ಲಿಟ್ಟು ಹೊಸದು ಕೊಡಿ.

ಎಣಿಕೆಗೆ ಕೂರುವ ಮೊದಲು ಲೆಕ್ಕ ತಾಳೆಯಾಗಬೇಕು. ಒಂದು ಹುದ್ದೆಗೆ ಮುದ್ರಿಸಿದ್ದು 200, ಕೊಟ್ಟದ್ದು 143, ಉಳಿದದ್ದು 57. ಕೊಟ್ಟದ್ದರಲ್ಲಿ ರದ್ದಾಗಿ ಹಿಂದಿರುಗಿದ್ದು 2. ಪೆಟ್ಟಿಗೆಯಲ್ಲಿ 141 ಇರಬೇಕು. 140 ಸಿಕ್ಕರೆ ಯಾರೋ ಹಾಳೆಯನ್ನು ಜೇಬಿಗೆ ಹಾಕಿಕೊಂಡು ಹೋಗಿದ್ದಾರೆ, ದಾಖಲಿಸಿ ಮುಂದುವರಿಯಬಹುದು. 142 ಸಿಕ್ಕರೆ ನಿಲ್ಲಿಸಿ. ಹೆಚ್ಚುವರಿ ಹಾಳೆ ಎಲ್ಲಿಂದ ಬಂತೆಂದು ತಿಳಿಯುವವರೆಗೆ, ಕಡೇಪಕ್ಷ ಗೆಲುವಿನ ಅಂತರ ಅದಕ್ಕಿಂತ ಹೆಚ್ಚಿದೆಯೆಂದು ಖಾತ್ರಿಯಾಗುವವರೆಗೆ, ಘೋಷಣೆ ಬೇಡ.

ಒಬ್ಬರು ಓದಿ, ಇನ್ನೊಬ್ಬರು ನೋಡಿ, ಇಬ್ಬರು ಬೇರೆ ಬೇರೆ ಹಾಳೆಯಲ್ಲಿ ಐದೈದರ ಗೆರೆ ಹಾಕಲಿ. 25ರ ಕಟ್ಟಿಗೊಮ್ಮೆ ಎರಡೂ ಹಾಳೆ ಹೋಲಿಸಿ. ತಪ್ಪಿದ್ದರೆ ಆ ಕಟ್ಟನ್ನಷ್ಟೇ ಮತ್ತೆ ಎಣಿಸಿದರೆ ಸಾಕು. ಸಂಶಯದ ಮತಪತ್ರಗಳನ್ನು ಪಕ್ಕಕ್ಕಿಟ್ಟು ಕೊನೆಯಲ್ಲಿ ಒಟ್ಟಿಗೆ ನೋಡಿ. ಇಂಗಿತ ಸ್ಪಷ್ಟವಾಗಿದ್ದರೆ ಸಿಂಧು, ಸಹಿಯೋ ಹೆಸರೋ ಬರೆದಿದ್ದರೆ ಕುಲಗೆಟ್ಟ ಮತ. ಒಂದು ಹುದ್ದೆಯ ಮತ ಕೆಟ್ಟರೆ ಉಳಿದ ಹುದ್ದೆಗಳದ್ದು ಕೆಡುವುದಿಲ್ಲ. ಸಮಬಲವಾದರೆ ಮೊದಲೇ ಬರೆದಿಟ್ಟಂತೆ ಚೀಟಿ ಎತ್ತಿ, ಇಬ್ಬರೂ ಅಭ್ಯರ್ಥಿಗಳ ಎದುರಿಗೆ. ಘೋಷಣೆಯಲ್ಲಿ ಗೆದ್ದವರ ಹೆಸರಷ್ಟೇ ಸಾಲದು. ಚಲಾವಣೆ, ಸಿಂಧು, ಕುಲಗೆಟ್ಟದ್ದು, ಪ್ರತಿ ಅಭ್ಯರ್ಥಿಯ ಮತ ಎಲ್ಲವೂ ಇರಲಿ.

ಹಸ್ತಾಂತರ

ಆಕ್ಷೇಪಣೆಗೆ ಏಳು ದಿನ, ಹಸ್ತಾಂತರಕ್ಕೆ ಹದಿನಾಲ್ಕು. ಬ್ಯಾಂಕಿನ ಸಹಿದಾರರ ಬದಲಾವಣೆಗೆ ನಿರ್ಣಯದ ಪ್ರತಿ ಬೇಕು, ಅದಕ್ಕೇ ಹೆಚ್ಚು ದಿನ ಹಿಡಿಯುತ್ತದೆ. ಮೊದಲ ಸಭೆಯಲ್ಲೇ ಮುಗಿಸಿ. ವೆಬ್‌ಸೈಟಿನ ಡೊಮೇನ್ ಯಾರ ಸ್ವಂತ ಇಮೇಲಿನಲ್ಲಿ ನೋಂದಣಿಯಾಗಿದೆ ನೋಡಿ. ಅದು ಹಿಂದಿನ ಕಾರ್ಯದರ್ಶಿಯ ಹೆಸರಲ್ಲಿದ್ದರೆ ಮುಂದೊಂದು ದಿನ ನವೀಕರಣ ತಪ್ಪಿ ಸಂಘದ ವಿಳಾಸವೇ ಕೈತಪ್ಪುತ್ತದೆ. ನಡಾವಳಿ ಪುಸ್ತಕ, ಮೊಹರು, ಸದಸ್ಯರ ದತ್ತಾಂಶ, ಪಾಸ್‌ವರ್ಡುಗಳು, ಕಚೇರಿಯ ಕರಾರು, ಲೆಕ್ಕಪತ್ರದ ಜೊತೆಗೆ ಇನ್ನೊಂದು ಪಟ್ಟಿ ಬೇಕು: ಕಟ್ಟಡ ನಿಯಮಗಳ ಸಮಿತಿ, ವಿನ್ಯಾಸ ಸ್ಪರ್ಧೆಯ ತೀರ್ಪುಗಾರರ ಮಂಡಳಿ ಮುಂತಾದೆಡೆ ಸಂಘದ ಪ್ರತಿನಿಧಿಯಾಗಿ ಯಾರು ಕೂತಿದ್ದಾರೆ, ಎಂದಿನವರೆಗೆ. ಅಲ್ಲೆಲ್ಲ ಹೊಸ ಹೆಸರು ಹೋಗದಿದ್ದರೆ ಹಳೆಯ ಪದಾಧಿಕಾರಿಯೇ ಸಂಘದ ಪರವಾಗಿ ಮಾತಾಡುತ್ತಿರುತ್ತಾರೆ. ಎಲ್ಲಕ್ಕೂ ಎರಡು ಪ್ರತಿಯಲ್ಲಿ ಸಹಿ ಮಾಡಿಸಿಕೊಳ್ಳಿ.

ಮತಪತ್ರ, ಪ್ರತಿಪತ್ರ, ಗೆರೆ ಹಾಕಿದ ಪಟ್ಟಿ ಮೂರನ್ನೂ ಬೇರೆ ಬೇರೆ ಸೀಲು ಮಾಡಿ ಚುನಾವಣಾಧಿಕಾರಿಯ ವಶದಲ್ಲಿ 90 ದಿನ, ತಕರಾರು ಬಾಕಿಯಿದ್ದರೆ ಅದು ತೀರುವವರೆಗೆ, ಇಡಿ. ಆಮೇಲೆ ಇಬ್ಬರ ಎದುರು ನಾಶಪಡಿಸಿ, ತಾರೀಕನ್ನು ನಡಾವಳಿಯಲ್ಲಿ ಬರೆಯಿರಿ.