ಫೋನ್ ರೀಸೆಟ್ ಮಾಡುವ ಮುನ್ನ ಇ-ಸಿಮ್ ಕಡೆ ಒಮ್ಮೆ ನೋಡಿ

ಫೋನ್ ತೀರಾ ನಿಧಾನವಾಗಿದೆ, ಫ್ಯಾಕ್ಟರಿ ರೀಸೆಟ್ ಮಾಡಬೇಕು. ಮಾಮೂಲಿ ಸಿಮ್ ಆಗಿದ್ದರೆ ಪಿನ್ ಚುಚ್ಚಿ, ಟ್ರೇ ಎಳೆದು, ಎತ್ತಿಟ್ಟುಕೊಳ್ಳಬಹುದಿತ್ತು. ಫೋನಿನೊಳಗೇ ಕೂತಿರುವ ಇ-ಸಿಮ್ ಹಾಗೆ ಕೈಗೆ ಸಿಗುವುದಿಲ್ಲ. ರೀಸೆಟ್ ಕೊಟ್ಟರೆ ನಂಬರೂ ಹೋಗಿಬಿಡುತ್ತದೆಯೇ?

ಸಾಮಾನ್ಯವಾಗಿ ತಾನಾಗಿ ಹೋಗುವುದಿಲ್ಲ. ಫೋಟೊ, ಆ್ಯಪ್, ಮೆಸೇಜುಗಳಿರುವುದು ಫೋನಿನ ಸ್ಟೋರೇಜ್‌ನಲ್ಲಿ. ಇ-ಸಿಮ್ ಪ್ರೊಫೈಲ್, ಅಂದರೆ ನಿಮ್ಮ ನಂಬರಿನ ಮಾಹಿತಿ, ಇರುವುದು ಮದರ್‌ಬೋರ್ಡಿಗೆ ಬೆಸೆದ ಬೇರೆಯೇ ಚಿಪ್‌ನಲ್ಲಿ. ಅದನ್ನೂ ಅಳಿಸಬೇಕೇ ಎಂದು ಫೋನ್ ನಿಮ್ಮನ್ನೇ ಕೇಳುತ್ತದೆ. ಓದದೆ ಒತ್ತಿದವರೇ ಪೇಚಿಗೆ ಸಿಲುಕುವುದು.

ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಜನರಲ್, 'ಟ್ರಾನ್ಸ್‌ಫರ್ ಆರ್ ರೀಸೆಟ್ ಐಫೋನ್', 'ಎರೇಸ್ ಆಲ್ ಕಂಟೆಂಟ್ ಅಂಡ್ ಸೆಟ್ಟಿಂಗ್ಸ್' – ಹೀಗೆ ಹೋದರೆ ಇ-ಸಿಮ್ ಉಳಿಸಿಕೊಳ್ಳುವುದೋ ಅಳಿಸುವುದೋ ಎಂಬ ಎರಡು ಆಯ್ಕೆ ಬರುತ್ತವೆ. ಫೋನ್ ನಿಮ್ಮ ಬಳಿಯೇ ಇರುವುದಾದರೆ 'ಕೀಪ್' ಇರುವುದನ್ನೇ ಒತ್ತಿ. ಪಿಕ್ಸೆಲ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ರೀಸೆಟ್ ಆಪ್ಷನ್ಸ್‌ನಲ್ಲಿ ಎಲ್ಲ ಡೇಟಾ ಅಳಿಸುವ ಪುಟದಲ್ಲಿ ಇ-ಸಿಮ್‌ಗೆಂದೇ ಒಂದು ಟಿಕ್ ಬಾಕ್ಸ್ ಇದೆ. ಅದನ್ನು ಖಾಲಿ ಬಿಡಿ. ಸ್ಯಾಮ್‌ಸಂಗ್‌ನಲ್ಲಿ ರೀಸೆಟ್ ಇರುವುದು ಜನರಲ್ ಮ್ಯಾನೇಜ್‌ಮೆಂಟ್ ಒಳಗೆ. ಉಳಿದ ಕಂಪನಿಗಳಲ್ಲಿ ಹೆಸರು ಆಚೀಚೆ ಆಗಬಹುದು. ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ 'ರೀಸೆಟ್' ಎಂದು ಟೈಪಿಸಿ, ಕೊನೆಯ ಪುಟವನ್ನು ಪೂರ್ತಿ ಓದಿ.

ಅಳಿಸಿಯೇಬಿಟ್ಟರೆ? ನಂಬರ್ ರದ್ದಾಗುವುದಿಲ್ಲ, ಅದು ಕಂಪನಿಯ ಲೆಕ್ಕದಲ್ಲಿ ನಿಮ್ಮ ಹೆಸರಲ್ಲೇ ಇರುತ್ತದೆ. ಆದರೆ ಇ-ಮೇಲ್‌ನಲ್ಲಿ ಉಳಿದಿರುವ, ಮೊದಲು ಇ-ಸಿಮ್ ಹಾಕಿಕೊಳ್ಳಲು ಸ್ಕ್ಯಾನ್ ಮಾಡಿದ್ದ ಹಳೇ ಕ್ಯೂಆರ್ ಕೋಡ್ ನಂಬಿ ಕೂರಬೇಡಿ. ಪ್ರೊಫೈಲ್ ಒಮ್ಮೆ ಇಳಿದ ಮೇಲೆ ಕಂಪನಿಯ ಸರ್ವರ್ ಆ ಕೋಡನ್ನು 'ಬಳಸಿಯಾಗಿದೆ' ಎಂದು ಬರೆದುಕೊಂಡಿರುತ್ತದೆ. ಮತ್ತೆ ಸ್ಕ್ಯಾನ್ ಮಾಡಿದರೆ ಹೆಚ್ಚಿನ ಸಲ ಎರರ್ ಬರುತ್ತದೆ. ಹೊಸ ಕೋಡ್ ಬೇಕು.

ನಿಜವಾದ ತೊಡಕು ಇಲ್ಲಿಂದ ಶುರು. ಏರ್‌ಟೆಲ್‌ನಲ್ಲಿ 121ಕ್ಕೆ, ಜಿಯೊದಲ್ಲಿ 199ಕ್ಕೆ ಎಸ್ಸೆಮ್ಮೆಸ್ ಕಳಿಸಿ ಇ-ಸಿಮ್ ಕೇಳಬಹುದು ನಿಜ. ಆದರೆ ಎಸ್ಸೆಮ್ಮೆಸ್ ಹೋಗಬೇಕಾದದ್ದು ಅದೇ ನಂಬರಿನಿಂದ, ಈಗ ಸತ್ತು ಕೂತಿರುವ ನಂಬರಿನಿಂದ! ಕೊನೆಗೆ ಆಧಾರ್ ಹಿಡಿದು ಸ್ಟೋರಿಗೆ ಹೋಗುವುದೇ ದಾರಿಯಾಗಬಹುದು. ಬೆಂಗಳೂರಿನಲ್ಲಿದ್ದವರಿಗೆ ಇದು ಅರ್ಧ ದಿನದ ಕೆಲಸ. ಬ್ಯಾಂಕ್ ಒಟಿಪಿಗೆಂದು ಊರಿನ ನಂಬರನ್ನು ದುಬೈನಲ್ಲೋ ಅಮೆರಿಕದಲ್ಲೋ ರೋಮಿಂಗ್‌ನಲ್ಲಿ ಇಟ್ಟುಕೊಂಡವರಿಗೆ ಮುಂದಿನ ರಜೆಯವರೆಗೆ ಕಾಯುವ ಶಿಕ್ಷೆಯೂ ಆದೀತು.

ಇನ್ನೊಂದು ಪೆಟ್ಟು ಉಂಟು. ಸಿಮ್ ಬದಲಾದ ಮೇಲೆ ವಂಚನೆ ತಡೆಯಲೆಂದು 24 ಗಂಟೆ ಎಸ್ಸೆಮ್ಮೆಸ್ ಬಂದ್ ಮಾಡುವ ನಿಯಮ ನಮ್ಮಲ್ಲಿದೆ. ಹೊಸ ಇ-ಸಿಮ್ ಕೊಟ್ಟಾಗಲೂ ಇದು ಅನ್ವಯವಾಗಬಹುದು. ಕರೆ ಬರುತ್ತದೆ, ಒಟಿಪಿ ಬರುವುದಿಲ್ಲ. ರೀಸೆಟ್ ಆದ ಫೋನಿನಲ್ಲಿ ಯುಪಿಐ ಆ್ಯಪ್ ಮತ್ತೆ ನೋಂದಾಯಿಸಲು ಆ ಸಿಮ್‌ನಿಂದಲೇ ಎಸ್ಸೆಮ್ಮೆಸ್ ಹೋಗಬೇಕು, ಅದೂ ನಿಂತಿರುತ್ತದೆ. ಬಾಡಿಗೆ ಕಟ್ಟುವ ದಿನ, ಪ್ರಯಾಣದ ಹಿಂದಿನ ದಿನ ಈ ಕೆಲಸಕ್ಕೆ ಕೈಹಾಕಲೇಬೇಡಿ.

ರೀಸೆಟ್‌ಗೆ ಮುಂಚೆ ಹತ್ತು ನಿಮಿಷ ಕೊಡಿ. ಡಯಲರ್‌ನಲ್ಲಿ *#06# ಒತ್ತಿದರೆ 15 ಅಂಕಿಯ ಐಎಂಇಐ (ಫೋನಿನ ಗುರುತು ಸಂಖ್ಯೆ), 32 ಅಂಕಿಯ ಇಐಡಿ (ಇ-ಸಿಮ್ ಚಿಪ್‌ನ ಗುರುತು ಸಂಖ್ಯೆ) ಕಾಣುತ್ತವೆ. ಹೊಸ ಇ-ಸಿಮ್ ಕೇಳುವಾಗ ಇವು ಬೇಕಾಗಬಹುದು. ಕಾಗದದ ಮೇಲೆ ಬರೆದಿಡಿ, ಆ ಫೋನಿನಲ್ಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟರೆ ಅದೂ ಒರೆಸಿಹೋಗುತ್ತದೆ. ಸಿಮ್ ಕಂಪನಿಯಲ್ಲಿ ನೋಂದಾಯಿಸಿದ ಇ-ಮೇಲ್ ಈಗಲೂ ತೆರೆಯುತ್ತದೆಯೇ, ಅದರ ಪಾಸ್‌ವರ್ಡ್ ನೆನಪಿದೆಯೇ ನೋಡಿ. ವಾಟ್ಸ್ಆ್ಯಪ್ ಬ್ಯಾಕಪ್ ಮಾಡಿ. ಹೊಸ ಇ-ಸಿಮ್ ಇಳಿಸುವ ಪ್ರಸಂಗ ಬಂದರೆ ವೈಫೈ ಬೇಕು, ಕ್ಯೂಆರ್ ತೋರಿಸಲು ಇನ್ನೊಂದು ಪರದೆಯೂ ಬೇಕು. ಆ ಕೋಡನ್ನು 'ಕಂಪನಿಯವರು' ಎಂದು ಫೋನ್ ಮಾಡಿದವರಿಗೆ ಎಂದಿಗೂ ಕಳಿಸಬೇಡಿ. ಅದನ್ನು ಅವರು ಸ್ಕ್ಯಾನ್ ಮಾಡಿದರೆ ನಿಮ್ಮ ನಂಬರ್ ಅವರ ಫೋನಿಗೆ ಹೋಗುತ್ತದೆ.

ಫೋನ್ ಮಾರುವುದಾದರೆ ಲೆಕ್ಕ ತಿರುಗುಮುರುಗು: ಇ-ಸಿಮ್ ಅಳಿಸಲೇಬೇಕು. ಮೊದಲು ಹೊಸ ಫೋನಿಗೆ ನಂಬರ್ ವರ್ಗಾಯಿಸಿ, ಕರೆ ಮತ್ತು ಒಟಿಪಿ ಎರಡೂ ಬರುತ್ತಿವೆಯೆಂದು ಖಚಿತಪಡಿಸಿಕೊಳ್ಳಿ. ಆಮೇಲೆ ಹಳೇ ಫೋನ್ ವೈಫೈನಲ್ಲಿರುವಾಗಲೇ ಅದರ ಸಿಮ್ ಸೆಟ್ಟಿಂಗ್ಸ್‌ಗೆ ಹೋಗಿ ಪ್ರೊಫೈಲ್ ಡಿಲೀಟ್ ಮಾಡಿ. ಆಫ್ ಮಾಡಿದರೆ ಸಾಲದು, ಪ್ರೊಫೈಲ್ ಚಿಪ್‌ನಲ್ಲೇ ಉಳಿಯುತ್ತದೆ. ಇಂಟರ್ನೆಟ್ ಇದ್ದರೆ ಅಳಿಸಿದ ಸುದ್ದಿ ಕಂಪನಿಯ ಸರ್ವರ್‌ಗೂ ತಲುಪುತ್ತದೆ. ಗೂಗಲ್ ಅಥವಾ ಆ್ಯಪಲ್ ಖಾತೆಯಿಂದಲೂ ಹೊರಬಂದು, ಕೊನೆಯಲ್ಲಿ ರೀಸೆಟ್ ಒತ್ತಿ.