ನಮ್ ಗುಂಪಲ್ಲಿ ಊರು ಕೇಳಂಗಿಲ್ಲ

ನಾಲ್ಕು ವರ್ಷದಿಂದ ರೆಡ್ಡಿಟ್ ಅನ್ನೋ ವೆಬ್‌ಸೈಟ್‌ನಲ್ಲಿ ಒಂದು ಸಣ್ಣ ಕನ್ನಡ ಗುಂಪಿಗೆ ಮಾಡರೇಟರ್ ಆಗಿದೀನಿ, ಅಂದ್ರೆ ಯಾವ ಪೋಸ್ಟ್ ಇರ್ಬೇಕು, ಯಾವ್ದು ತೆಗೀಬೇಕು ಅಂತ ನೋಡ್ಕೊಳ್ಳೋ ಕೆಲ್ಸ. ಸಾಲ, ಕುಡಿತ, ಮದ್ವೆ, ಮನೆ ಜಗಳ ಇಂಥದ್ದನ್ನೆಲ್ಲ ಹೆಸರು ಹೇಳ್ದೆ ಬರೀಬಹುದಾದ ಜಾಗ. ಹೊಸಬ್ರು ಮೊದ್ಲು ಕೇಳೋದೇ "ನಾನ್ಯಾರು ಅಂತ ನಿಮಗೆ ಗೊತ್ತಾಗತ್ತಾ" ಅಂತ. ಗೊತ್ತಾಗಲ್ಲ. ಇಮೇಲು, ಐಪಿ ಅಡ್ರೆಸ್ಸು ಯಾವ್ದೂ ಮಾಡರೇಟರ್‌ಗೆ ಕಾಣ್ಸಲ್ಲ, ಕಾಣೋದು ಯೂಸರ್‌ನೇಮ್ ಒಂದೇ.

ಆದ್ರೆ ಯೂಸರ್‌ನೇಮ್ ಮುಚ್ಚಿಟ್ಟಿದ್ದನ್ನ ಮಾತು ಬಿಟ್ಕೊಡತ್ತೆ. "ಏನ್ ಮಾಡ್ಬೇಕು ತಿಳೀವಲ್ದು" ಅಂದ್ರೆ ಧಾರವಾಡದ ಕಡೆಯವ್ರು, "ಎಂತ ಮಾಡೂದು ಮಾರ್ರೆ" ಅಂದ್ರೆ ಕರಾವಳಿಯವ್ರು ಅಂತ ಓದಿದ ತಕ್ಷಣ ಗೊತ್ತಾಗತ್ತೆ, ಅದ್ರ ಮೇಲೆ ಅಪ್ಪ ಪಿಡಿಒ, ಅಣ್ಣ ದುಬೈನಲ್ಲಿ, ನನ್ನ ನಿಶ್ಚಿತಾರ್ಥ ಮುರಿದೋಯ್ತು ಅಂತ ಮೂರು ಸಾಲು ಸೇರಿದ್ರೆ ಆ ತಾಲ್ಲೂಕಿನವ್ರಿಗೆ ಮನೆ ಯಾವ್ದು ಅಂತಾನೂ ಹೊಳೀಬಹುದು. ಅಷ್ಟರಲ್ಲಿ ಕೆಳಗೆ ಯಾರೋ "ಯಾವೂರಾಯ್ತು ನಿಮ್ದು?" ಅಂತ ಕೇಳಿರ್ತಾರೆ. ಕೆಟ್ಟ ಮನಸ್ಸಿಂದಲ್ಲ, ಬಸ್ಸಲ್ಲಿ ಪಕ್ಕ ಕೂತವ್ರನ್ನ ನಾವೆಲ್ಲ ಕೇಳೋದೇ ಅದು. ಆದ್ರೆ ಆ ಪ್ರಶ್ನೆ ಬಂದ್ಮೇಲೆ ಬರೆದವ್ರು ಎಷ್ಟೋ ಸಲ ವಾಪಸ್ ಬರ್ಲೇ ಇಲ್ಲ, ಪೋಸ್ಟೇ ಡಿಲೀಟ್ ಮಾಡಿ ಹೋದವ್ರೂ ಇದಾರೆ.

ಹಾಗಾಗಿ ಊರು, ಜಾತಿ, ಕೆಲ್ಸದ ಜಾಗ ಯಾರೂ ಯಾರನ್ನೂ ಕೇಳಂಗಿಲ್ಲ ಅಂತ ರೂಲ್ ಮಾಡಿದ್ವಿ. ಜೋರು ಜಗಳ ಆಯ್ತು. ಊರು ಕೇಳೋದು ನಮ್ಮ ಸಂಸ್ಕೃತಿ, ಇದ್ರಲ್ಲೇನ್ ತಪ್ಪು ಅಂದ್ರು. ತಪ್ಪಿಲ್ಲ, ಆದ್ರೆ ಊರು ಹೇಳೋ ಧೈರ್ಯ ಇದ್ದವ್ರು ಊರಲ್ಲೇ ಯಾರಿಗಾದ್ರೂ ಹೇಳ್ಕೊಂಡಿರ್ತಿದ್ರು, ಇಲ್ಲಿಗೆ ಯಾಕ್ ಬರ್ತಿದ್ರು?

ಇನ್ನೊಂದು ಕಷ್ಟ ಹೊಸ ಅಕೌಂಟ್‌ಗಳದ್ದು. ಫೋರ್‌ಚಾನ್ ಅನ್ನೋದು ಹೆಸರು ಹೇಳ್ದೆ ಬರೆಯೋ ಇನ್ನೊಂದು ವೆಬ್‌ಸೈಟು, 2003ರಲ್ಲಿ ಶುರುವಾಗಿದ್ದು, ಅಲ್ಲಿ ಅಕೌಂಟೇ ಬೇಡ, ಹೊಸ ಥ್ರೆಡ್ ಬಂದಂಗೆ ಹಳೇದು ಅಳಿಸೋಗ್ತಾ ಇರತ್ತೆ. ರೆಡ್ಡಿಟ್‌ನಲ್ಲಿ ಹಾಗಲ್ಲ, ಬರೆದಿದ್ದೆಲ್ಲ ಯೂಸರ್‌ನೇಮ್‌ಗೆ ಅಂಟ್ಕೊಂಡೇ ಇರತ್ತೆ, ಅದಕ್ಕೇ ಜನ ಒಂದು ಪೋಸ್ಟಿಗೋಸ್ಕರ ಥ್ರೋಅವೇ ಅಕೌಂಟ್ ಮಾಡ್ತಾರೆ. ನಾವು ಸ್ಪ್ಯಾಮ್ ತಡೆಯೋಕೆ ಅಂತ ಏಳು ದಿನಕ್ಕಿಂತ ಹೊಸ ಅಕೌಂಟ್‌ಗಳ ಪೋಸ್ಟನ್ನೆಲ್ಲ ಆಟೋಮಾಡರೇಟರ್ ಅನ್ನೋ ತಾನಾಗೇ ಕೆಲ್ಸ ಮಾಡೋ ಪ್ರೋಗ್ರಾಮ್‌ನಿಂದ ತೆಗೆಸ್ತಿದ್ವಿ, ಅಂದ್ರೆ ತುಂಬಾ ಹೆದರ್ಕೊಂಡು ಬಂದವ್ರನ್ನೇ ಬಾಗಿಲಲ್ಲಿ ತಡೀತಿದ್ವಿ. ಈಗ ಹೊಸ ಅಕೌಂಟ್ ಲಿಂಕ್ ಹಾಕಿದ್ರೆ ಮಾತ್ರ ತಡೆಯೋದು.

ನನ್ನ ಮನಸ್ಸಿಗೆ ತುಂಬಾ ನಾಟಿದ್ದು ಬೇರೆ. ಬೈಗುಳದ ಪಟ್ಟಿ ಮಾಡುವಾಗ ನಾನೇ "ಮಗನೇ" ಅನ್ನೋ ಪದ ಸೇರ್ಸಿದ್ದೆ, ಅದು ಕಂಡ್ರೆ ಪೋಸ್ಟ್ ತಾನೇ ಹೋಗ್ಬೇಕು ಅಂತ. ಎರಡು ದಿನ ಆದ್ಮೇಲೆ ಮಾಡರೇಟರ್‌ಗಳಿಗೆ ಬರೆಯೋ ಮಾಡ್‌ಮೇಲ್‌ಗೆ ಒಂದು ಮೆಸೇಜ್ ಬಂತು: "ಯಾರಿದ್ದೀರೋ ಗೊತ್ತಿಲ್ಲ, ನಾನೇನು ತಪ್ಪು ಬರೆದೆ? ಯಾರೂ ಉತ್ತರ ಕೊಡ್ಲಿಲ್ಲ." ಅವ್ರ ಪೋಸ್ಟ್ ಹುಡುಕಿ ನೋಡ್ದೆ. "ನನ್ನ ಮಗನೇ ನನ್ನ ಜೊತೆ ಮಾತಾಡಲ್ಲ, ಒಂದೂವರೆ ವರ್ಷ ಆಯ್ತು" ಅಂತ ಶುರುವಾಗಿತ್ತು. ಅವ್ರಿಗೆ ಒಂದು ಸೂಚನೇನೂ ಹೋಗಿರ್ಲಿಲ್ಲ, ಹೋಗೋ ಹಾಗೆ ನಾನು ಬರೆದಿರ್ಲಿಲ್ಲ. ಆ ತಾಯಿ ಎರಡು ದಿನ ಫೋನ್ ನೋಡ್ಕೊಂಡು, ಇಲ್ಲೂ ನನ್ನ ಮಾತು ಯಾರಿಗೂ ಬೇಡ ಅಂದ್ಕೊಂಡಿದ್ರು. ಕ್ಷಮೆ ಕೇಳ್ದೆ, ನಡೆದಿದ್ದನ್ನ ಹೇಳ್ದೆ, ಇನ್ನೊಂದ್ಸಲ ಹಾಕಿ ಅಮ್ಮ ಅಂದೆ. ಹಾಕಿದ್ರು. ಸಂಜೆಯೊಳಗೆ ಹತ್ತು ಜನ ಬರೆದ್ರು, ಅದ್ರಲ್ಲೊಬ್ಬ "ನಾನೂ ನಮ್ಮಮ್ಮನ ಹತ್ರ ಮಾತು ಬಿಟ್ಟಿರೋನು" ಅಂತ ಶುರುಮಾಡಿ ಯಾಕೆ ಬಿಟ್ಟೆ ಅಂತ ಉದ್ದಕ್ಕೆ ಬರೆದ. ಸ್ವಂತ ಹೆಸರಲ್ಲಿ ಅವ್ನು ಅದನ್ನ ಯಾವತ್ತೂ ಬರೀತಿರ್ಲಿಲ್ಲ.

ಅವತ್ತೇ ರೂಲ್‌ನಲ್ಲಿ "ರಿಮೂವ್" ಇದ್ದಿದ್ದನ್ನ "ಫಿಲ್ಟರ್" ಮಾಡ್ದೆ. ಈಗ ಪದ ಸಿಕ್ಕಿದ್ರೆ ಪೋಸ್ಟ್ ನಾವು ನೋಡೋ ಸಾಲಿನಲ್ಲಿ, ಅಂದ್ರೆ ಮಾಡ್‌ಕ್ಯೂನಲ್ಲಿ ಕಾಯತ್ತೆ, "ಒಬ್ರು ಓದಿ ಬಿಡ್ತಾರೆ, ಸ್ವಲ್ಪ ತಾಳಿ" ಅಂತ ಬರೆದವ್ರಿಗೆ ಮೆಸೇಜ್ ಹೋಗತ್ತೆ. ಸಾಯೋ ಮಾತು ಬಂದ್ರೆ ಕಾಯ್ಸಲ್ಲ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ನಂಬರ್ ತಕ್ಷಣ ಕೆಳಗೆ ಬೀಳತ್ತೆ, ಕನ್ನಡದಲ್ಲೇ ಮಾತಾಡ್ಬಹುದು.

ಕೆಲ್ಸ ಮೂರು ಪಟ್ಟು ಆಯ್ತು. ನಾವು ಮೂರು ಜನ ಪಾಳಿ ಮಾಡ್ಕೊಂಡಿದೀವಿ, ರಾತ್ರಿ ಪಾಳಿ ನಂದು. ನಿನ್ನೆ ಕ್ಯೂನಲ್ಲಿ "ಮಗನೇ" ಎರಡಿತ್ತು. ಒಂದು ಬೈಗುಳ, ತೆಗ್ದೆ. ಇನ್ನೊಂದು ಒಬ್ಬ ಅಪ್ಪಂದು.